ಚಪ್ಪಟೆ ಬಂಡೆಯಿಂದ ತೆಗೆದ ಚಿತ್ರ

ಸಂಜೆಯ ಚಹಾ ಮುಗಿದ ಮೇಲೆ ನಮ್ಮ ದ್ವೀಪದಲ್ಲಿ ಯಾರೂ ಚಪ್ಪಟೆ ಬಂಡೆಯ ಮೇಲೆ ನಿಲ್ಲುವುದಿಲ್ಲ. ಪೆಂಗ್ವಿನ್‌ಗಳು ಹೊಟ್ಟೆ ತುಂಬ ಮೀನು ತುಂಬಿಕೊಂಡು ಮರಿಗಳ ಹತ್ತಿರ ಮರಳುವ ಹೊತ್ತು ಅದು. ಆ ಕೊಲ್ಲಿಯಲ್ಲಿ ದಡ ಹತ್ತಲು ಅವಕ್ಕೆ ಆ ಬಂಡೆಯೊಂದೇ ದಾರಿ. ಅಲ್ಲಿ ಮನುಷ್ಯರು ಕಂಡರೆ ಮೇಲೆ ಬರದೆ ಅಲೆಯಲ್ಲೇ ಸುತ್ತಾಡುತ್ತವೆ. ಅಂಥ ಗಳಿಗೆಗೇ ಕಡಲಸಿಂಹ ಉದ್ದನೆಯ ಕಡಲಪಾಚಿಯ ಮರೆಯಲ್ಲಿ ಕಾದಿರುತ್ತದೆ.

ಥೋರಾಳ ಅಪ್ಪ ಬದುಕಿದ್ದಾಗ ಬಂಡೆಯಿಂದ ಸಾಕಷ್ಟು ಹಿಂದೆ ಸುಣ್ಣ ಬಳಿದ ಕಲ್ಲುಗಳ ಸಾಲು ಇಟ್ಟಿದ್ದ. ಸಾಯುವ ಮುಂಚೆ ಕುಂಚವನ್ನು ಅಳಿಯ ಹೆಕ್ಟರನ ಕೈಗೆ ಕೊಟ್ಟ. ಪ್ರತಿ ಬೇಸಿಗೆಯಲ್ಲೂ ಸುಣ್ಣ ಬಳಿಯುವವನು ಹೆಕ್ಟರ್. ಹಡಗಿನಿಂದಿಳಿದ ಪ್ರವಾಸಿಗಳು ಒಂದು ಕಾಲು ಆಚೆ ಇಟ್ಟರೆ ಕುರಿನಾಯಿಯನ್ನು ಗದರಿಸುವ ಗಂಟಲಲ್ಲಿ ಗದರುವವನೂ ಅವನೇ. ಆ ಸಾಲನ್ನು ಅವನೇ ದಾಟಿದ.

ದಾಟಿದ್ದು ಗುಡ್ರುನ್‌ಳಿಗಾಗಿ. ಚಿತ್ರ ತೆಗೆಯಲೆಂದು ಜರ್ಮನಿಯಿಂದ ಬಂದು ಒಂದು ವಾರದಿಂದ ಥೋರಾ-ಹೆಕ್ಟರರ ಮನೆಯಲ್ಲಿದ್ದಳು. ದಿನವಿಡೀ ಆನೆಸೀಲ್‌ಗಳ ಪಕ್ಕ ಒದ್ದೆ ಮರಳಲ್ಲಿ ಮಲಗಿದ್ದು, ಸಂಜೆ ನಗುನಗುತ್ತ ಬರುತ್ತಿದ್ದಳು. "ನಿನಗೂ ಆ ಸೀಲ್‌ಗಳಿಗೂ ಈಗ ಒಂದೇ ವಾಸನೆ ಕಣೆ. ಬಾಗಿಲಲ್ಲೇ ಬೂಟು ಬಿಚ್ಚು ಮಾರಾಯ್ತಿ" ಎಂದು ಥೋರಾ ರೇಗಿಸುತ್ತಿದ್ದಳು. ಪೆಂಗ್ವಿನ್‌ಗಳು ಅಲೆಯಿಂದ ಚಿಮ್ಮಿ ಬರುವ ಒಂದೇ ಒಂದು ಚಿತ್ರ ಮಾತ್ರ ಗುಡ್ರುನ್‌ಗೆ ಸಿಕ್ಕಿರಲಿಲ್ಲ. ಮರುದಿನ ಬೆಳಿಗ್ಗೆ ಅವಳನ್ನು ಒಯ್ಯಲು ಪುಟ್ಟ ವಿಮಾನ ಬರುವುದಿತ್ತು. ಕೊನೆಯ ಸಂಜೆ ಕಲ್ಲಿನ ಸಾಲಿನ ಹಿಂದೆ ನಿಂತು, ಇಲ್ಲಿಂದ ಬಂಡೆಯಂಚಿನ ಮೇಲೆ ತಲೆಗಳಷ್ಟೇ ಸಿಗುತ್ತವೆ ಎಂದಳು. ಕೇಳಿಕೊಳ್ಳಲಿಲ್ಲ, ಸುಮ್ಮನೆ ಅಂದಳು. ಹೆಕ್ಟರ್‌ಗೆ ಪಾಪ ಅನಿಸಿತು. ಐದು ನಿಮಿಷಕ್ಕೆ ಏನಾಗುತ್ತದೆ ಅಂದುಕೊಂಡು ಅವಳ ಚೀಲವನ್ನು ತಾನೇ ಹೊತ್ತು ಬಂಡೆಗೆ ನಡೆದ.

ಪೆಂಗ್ವಿನ್‌ಗಳು ಬಂದವು, ಬಂಡೆಯ ಮೇಲೆ ಇಬ್ಬರನ್ನು ಕಂಡು ಹಿಂದೆ ಸರಿದವು. ಅವುಗಳ ನಡುವೆ ಬಿಸ್ಕತ್ತು ಇತ್ತು. ಬೇರೆಯವಕ್ಕೆ ಬೆನ್ನು ಕಪ್ಪಾದರೆ ಇದಕ್ಕೆ ತಿಳಿಗಂದು. ಹಾಗಾಗಿ ಥೋರಾ ಇಟ್ಟ ಹೆಸರು ಅದು. ಕೋಳಿಗೂಡಿನ ಬೇಲಿಯಾಚೆ ಅದರ ಗೂಡು, ಗೂಡಲ್ಲಿ ಎರಡು ಮರಿ. ಕೋಳಿಗಳಿಗೆ ಕಾಳು ಹಾಕುವಾಗಲೆಲ್ಲ ಥೋರಾ ಅದನ್ನು ಮಾತಾಡಿಸುತ್ತಿದ್ದಳು. ಹೆಕ್ಟರ್ ಹೊರಡೋಣ ಎನ್ನುವಷ್ಟರಲ್ಲಿ ಪಾಚಿ ಅಲುಗಿತು. ಕಡಲಸಿಂಹದ ಕಣ್ಣಿಗೆ ಬಿದ್ದದ್ದು ಆ ತಿಳಿ ಬಣ್ಣವೇ. ಬಿಸ್ಕತ್ತನ್ನು ಬಾಯಲ್ಲಿ ಕಚ್ಚಿಕೊಂಡು ಅಲೆಯಿಂದ ಮೇಲೆದ್ದಿತು. ಗುಡ್ರುನ್‌ಳ ಕ್ಯಾಮೆರಾ ಟಪಟಪ ಬಡಿದುಕೊಂಡಿತು.

ಮನೆಗೆ ಮರಳುವಾಗ ಜೀಪಿನಲ್ಲಿ ಅವಳು ಕಣ್ಣೊರೆಸಿಕೊಳ್ಳುತ್ತಲೇ, ಜನ್ಮಕ್ಕೊಂದು ಚಿತ್ರ ಎಂದಳು. ಅದನ್ನು ಥೋರಾಳಿಗೆ ತೋರಿಸಬೇಡ ಎನ್ನಲು ಹೆಕ್ಟರ್ ಕುರಿಬೇಲಿಯ ಮೂರು ಗೇಟುಗಳ ತನಕ ಮಾತು ಹುಡುಕಿದ. ಪ್ರತಿ ಗೇಟಿಗೂ ಇಳಿದ, ತೆರೆದ, ಮುಚ್ಚಿದ, ಹತ್ತಿದ. ಯಾಕೆ ಎಂದು ಕೇಳಿದರೆ? ಅಷ್ಟರಲ್ಲಿ ಮನೆ ಬಂತು.

ಅಡುಗೆಮನೆಯಲ್ಲಿ ಥೋರಾ ಕೇಕ್ ಕೊಯ್ಯುತ್ತಿದ್ದಳು. ಗುಡ್ರುನ್ ಕ್ಯಾಮೆರಾ ಮುಂದೆ ಹಿಡಿದಳು. ಥೋರಾ ಕನ್ನಡಕ ಹಾಕಿಕೊಂಡು ನೋಡಿದಳು. ಬಿಸ್ಕತ್ತನ್ನು ಗುರುತಿಸಿದ್ದು ಅವಳ ಕೈ ನಿಂತದ್ದರಿಂದಲೇ ತಿಳಿಯಿತು. ಕಡಲಸಿಂಹಕ್ಕೂ ಹೊಟ್ಟೆ ಇದೆಯಲ್ಲ, ಎಂದಳು ಮೆಲ್ಲಗೆ. ಹೆಕ್ಟರ್‌ಗೆ ತುಸು ಹಗುರಾಯಿತು. ಆದರೆ ಅವಳು ಕ್ಯಾಮೆರಾ ಹಿಂತಿರುಗಿಸಲಿಲ್ಲ. ಚಿತ್ರದ ಮೂಲೆಯಲ್ಲಿ, ಗುಡ್ಡದ ಮಗ್ಗುಲಿಂದ, ಒಡೆದ ಹಳೆ ಹಡಗಿನ ಮೂತಿ ಇಣುಕುತ್ತಿತ್ತು.

"ಕಲ್ಲಿನ ಸಾಲಿಂದ ಈ ಹಡಗು ಕಾಣಲ್ಲ, ಹೆಕ್ಟರ್."

ಹೆಕ್ಟರ್ ತನ್ನ ತಟ್ಟೆಯನ್ನು ಹತ್ತಿರ ಎಳೆದುಕೊಂಡ. ಗುಡ್ರುನ್ ಇಬ್ಬರ ಮುಖವನ್ನೂ ನೋಡಿ, ಏನಾದರೂ ತಪ್ಪಾಯಿತೇ ಎಂದಳು.

"ಚಿತ್ರ ಚೆನ್ನಾಗಿದೆ ಕಣೆ. ಕೇಕ್ ತಗೋ" ಎಂದಳು ಥೋರಾ. ಗಂಡನ ತಟ್ಟೆಗೂ ಒಂದು ತುಂಡು ಹಾಕಿದಳು, ದಿನಾ ಹಾಕುವುದಕ್ಕಿಂತ ದೊಡ್ಡದನ್ನೇ. ಅವನು ಅದನ್ನು ಹಾಗೇ ಬಿಟ್ಟ. ಎದ್ದು ಹೊರಗೆ ಹೋದ.

ಬಿಸಿಲು ಇನ್ನೂ ಇತ್ತು. ಬೇಲಿಯಾಚೆ ಬಿಸ್ಕತ್ತಿನ ಜೋಡಿ ಕತ್ತೆತ್ತಿ ಕಡಲಿನ ಕಡೆಗೆ ಕೂಗುತ್ತಿತ್ತು. ಬಿಸ್ಕತ್ತು ಮರಳಿ ಗೂಡಲ್ಲಿ ಕೂತ ಮೇಲೆಯೇ ಅದಕ್ಕೆ ಮೀನಿಗೆ ಹೋಗಲು ಬಿಡುವು. ಮರಿಗಳೆರಡೂ ಅದರ ಕೊಕ್ಕನ್ನು ಕುಟ್ಟುತ್ತಿದ್ದವು. ಹೆಕ್ಟರ್ ಬೇಲಿಗೂಟ ಹಿಡಿದು ನಿಂತ. ಥೋರಾ ಬಂದದ್ದು ಗೊತ್ತಾಯಿತು, ತಿರುಗಲು ಮುಖವಿರಲಿಲ್ಲ.

"ಥೋರಾ, ಐದೇ ನಿಮಿಷ ಅಂತ..."

"ನೀನು ಗದರಿದವರೆಲ್ಲ ನಿನಗೆ ಹಾಗೇ ಹೇಳ್ತಿದ್ರಲ್ಲ."

ಅವಳು ಮರಿಗಳನ್ನೇ ನೋಡುತ್ತಿದ್ದಳು. ಎರಡರಲ್ಲಿ ಒಂದಾದರೂ ಉಳಿದೀತು ಎಂದಳು, ಅವನಿಗಲ್ಲ, ಗೂಡಿನ ಕಡೆಗೆ. ಆಮೇಲೆ ಕೊಟ್ಟಿಗೆಗೆ ಹೋಗಿ, ಮೊಳೆಗೆ ನೇತುಹಾಕಿದ್ದ ಅಪ್ಪನ ಕುಂಚ ತೆಗೆದು ಏಪ್ರನ್ನಿನ ಜೇಬಿಗೆ ಸಿಕ್ಕಿಸಿಕೊಂಡಳು.

"ಇನ್ಮೇಲೆ ಸುಣ್ಣ ನಾನು ಬಳೀತೀನಿ" ಎಂದು ಒಳಗೆ ನಡೆದಳು.

ಹೆಕ್ಟರ್ ಅಲ್ಲೇ ನಿಂತ. ಗೂಡಿನ ಹಕ್ಕಿ ಒಮ್ಮೆ ಅವನತ್ತ ನೋಡಿ, ಮತ್ತೆ ಕಡಲಿಗೆ ಮುಖ ಮಾಡಿ ಕೂಗಿತು.