ಕೊಟ್ರಮ್ಮನ ಕಾವಲಿ

ನಾನು ಒಂದು ಕಾವಲಿ. ಬೀಡು ಕಬ್ಬಿಣದ ದೋಸೆ ಕಾವಲಿ. ಚಪಾತಿಯದಲ್ಲ, ರೊಟ್ಟಿಯದಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನನ್ನ ಬಾಳಿನ ರಂಪವೆಲ್ಲ ಆ ಒಂದು ವಿಷಯದಿಂದಲೇ ಆಯಿತು. ಮೈ ಕಪ್ಪು, ಸ್ವಭಾವ ಬಿಸಿ. ನನ್ನನ್ನು ಹೊಟ್ಟೆಕಿಚ್ಚಿನವಳು ಎಂದು ಯಾರಾದರೂ ಅಂದರೆ ನಾನು ಇಲ್ಲ ಎನ್ನುವುದಿಲ್ಲ. ಬೆಳಗಾದರೆ ಹೊಟ್ಟೆಯ ಕೆಳಗೆ ಬೆಂಕಿ ಹೊತ್ತಿಸಿಕೊಂಡು ಬದುಕಿದವಳಿಗೆ ತಣ್ಣಗಿನ ಬುದ್ಧಿ ಎಲ್ಲಿಂದ ಬರಬೇಕು?

ಭದ್ರಾವತಿಯ ಹೊರಗಿನ ಒಂದು ಸಣ್ಣ ಎರಕದ ಶೆಡ್ಡಿನಲ್ಲಿ ನಾನು ಹುಟ್ಟಿದೆ. ಮುರಿದ ಹೊಲಿಗೆ ಯಂತ್ರದ ಕಾಲು, ಹಳೆಯ ಪಂಪಿನ ಚಕ್ರ, ಯಾರದೋ ಮನೆಯ ಒಡೆದ ಒಲೆ, ಎಲ್ಲ ಕರಗಿ ಒಂದಾಗಿ ಮರಳಿನ ಅಚ್ಚಿಗೆ ಹರಿದು ನಾನಾದೆ. ಹಾಗಾಗಿ ನನ್ನ ಕುಲಗೋತ್ರ ಕೇಳಬೇಡಿ. ಅಚ್ಚು ಒಡೆದು ತೆಗೆದಾಗ ಅಂಚಿನಲ್ಲಿ ಎಳ್ಳುಕಾಳಿನಷ್ಟು ಒಂದು ಗುಳಿ ಉಳಿದಿತ್ತು. ಎಲ್ಲರ ಮನೆ ದೋಸೆ ತೂತಾದರೆ ನಮ್ಮ ಮನೆ ಕಾವಲಿಯೇ ತೂತು ಎಂದು ಜನ ಗಾದೆ ಹೇಳುತ್ತಾರಲ್ಲ, ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಗುಳಿ ಬೇರೆ, ತೂತು ಬೇರೆ.

ನನ್ನನ್ನು ಸಂತೆಯಲ್ಲಿ ಕೊಂಡವರು ಕೊಟ್ರಮ್ಮ. ಸಾಲಾಗಿ ಇಟ್ಟಿದ್ದ ಕಾವಲಿಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿ, ನನ್ನ ಸದ್ದನ್ನು ಮೆಚ್ಚಿದರು. ಮನೆಗೆ ಒಯ್ದವರು ಸೀದಾ ಒಲೆಗೆ ಏರಿಸಲಿಲ್ಲ. ಗಂಜಿನೀರಿನಲ್ಲಿ ನೆನೆಹಾಕಿದರು, ತೆಂಗಿನ ನಾರಿನಿಂದ ತಿಕ್ಕಿದರು, ಎಣ್ಣೆ ಹಚ್ಚಿ ಬಿಸಿಲಿಗಿಟ್ಟರು. ಮತ್ತೆ ಗಂಜಿನೀರು, ಮತ್ತೆ ಎಣ್ಣೆ. ಕೊನೆಗೆ ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಮೈಯೆಲ್ಲ ಉಜ್ಜಿ ಹಿಟ್ಟು ಹೊಯ್ದಾಗ ದೋಸೆ ತಾನಾಗಿ ಎದ್ದು ಬಂತು. ಮಗಳು ಕಮಲಾಕ್ಷಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಗ ಅವರು ಹೇಳಿದ ಮಾತು ನನಗೆ ಇನ್ನೂ ನೆನಪಿದೆ.

"ಇದ್ರ ಮೇಲೆ ಚಪಾತಿ ಗಿಪಾತಿ ಸುಡಬ್ಯಾಡ ನೋಡು. ಒಣ ಹಿಟ್ಟು ಮೈಗೆ ಹತ್ತಿದ್ರೆ ದೋಸೆ ಕಾವಲಿ ಮುನಿಸ್ಕೊಂತೈತೆ. ಆಮೇಲೆ ಎಷ್ಟು ಗೋಗರೆದ್ರೂ ದೋಸೆ ಬಿಡಲ್ಲ."

ಕಮಲಾಕ್ಷಿಗೆ ಮದುವೆಯಾಯಿತು. ಗಂಡ ತಿಪ್ಪೇಸ್ವಾಮಿಯವರಿಗೆ ಕಾಗದದ ಕಾರ್ಖಾನೆಯಲ್ಲಿ ಕೆಲಸ, ವಾಸಕ್ಕೆ ಕಾಲೊನಿಯಲ್ಲಿ ಕ್ವಾರ್ಟರ್ಸ್. ಮಗಳು ಸಂಸಾರ ಹೂಡುವ ದಿನ ಕೊಟ್ರಮ್ಮ ನನ್ನನ್ನು ತಂದರು. ಕಬ್ಬಿಣವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂಬ ನಂಬಿಕೆ ಅವರದು. ಅದಕ್ಕೇ ನನ್ನನ್ನು ಮಗಳ ಮುಂದೆ ನೆಲದ ಮೇಲಿಟ್ಟು, "ತಗಳವ್ವ" ಅಂದರು. ಕಮಲಾಕ್ಷಿ ಸೆರಗು ಸರಿಮಾಡಿಕೊಂಡು ಬಗ್ಗುವಷ್ಟರಲ್ಲಿ ತಿಪ್ಪೇಸ್ವಾಮಿಯವರೇ ಬಗ್ಗಿ ನನ್ನನ್ನು ಎತ್ತಿಕೊಂಡರು. ಹೆಬ್ಬೆರಳಿನಿಂದ ನನ್ನ ಮೈಯನ್ನು ನಿಧಾನವಾಗಿ ಸವರಿದರು. ಕಾಗದದ ನಯವನ್ನು ಹೆಬ್ಬೆರಳಿನಲ್ಲೇ ಅಳೆಯುತ್ತಿದ್ದ ಕೈ ಅದು.

"ಅತ್ತೆ, ಎಂಥಾ ನಯ ಬಂದಿದೆ ಇದಕ್ಕೆ. ನಮ್ಮ ಫಸ್ಟ್ ಕ್ವಾಲಿಟಿ ಕಾಗದ ಇದ್ದ ಹಾಗಿದೆ" ಅಂದರು.

ಅಷ್ಟೇ. ನಾನು ಅವರವಳಾಗಿಬಿಟ್ಟೆ. ನೆಲದ ಮೇಲೆ ಇಟ್ಟದ್ದು ಯಾರಿಗಾಗಿ ಎಂದು ಆಗ ನಾನು ಯೋಚಿಸಲಿಲ್ಲ.

ತಿಪ್ಪೇಸ್ವಾಮಿಯವರಿಗೆ ನಾಲ್ಕು ಹುಚ್ಚು. ಪುಸ್ತಕ, ಸಂಗೀತ, ಬ್ಯಾಡ್ಮಿಂಟನ್, ದೋಸೆ. ಈ ಪಟ್ಟಿಯಲ್ಲಿ ನಾನು ನಾಲ್ಕನೆಯವಳು ಎಂಬುದು ತಿಳಿಯಲು ನನಗೆ ಬಹಳ ಕಾಲ ಬೇಕಾಗಲಿಲ್ಲ. ಸಂಜೆಯಾದರೆ ಕ್ಲಬ್ಬು. ಆ ಬ್ಯಾಟಿಗೆ ಒಂದು ಚೀಲ, ಮರ ಬಾಗದಿರಲಿ ಎಂದು ಸ್ಕ್ರೂ ಬಿಗಿದ ಒಂದು ಚೌಕಟ್ಟು, ನಡುಮನೆಯ ಗೋಡೆಯಲ್ಲಿ ಅದರದೇ ಮೊಳೆ. ನನಗೆ ಒಲೆಯ ಹಿಂದಿನ ಸಂದಿ. ಪುಸ್ತಕಗಳಿಗೆ ಖಾಕಿ ಕಾಗದದ ಹೊದಿಕೆ. ಟೇಪ್ ರೆಕಾರ್ಡರಿಗಂತೂ ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಮೂತಿ ಒರೆಸುವ ಸೇವೆ. ಅದಕ್ಕೆ ಹತ್ತಿ, ನನಗೆ ತೆಂಗಿನ ನಾರು. ಎಷ್ಟು ಉರಿದಿರಬೇಡ ನೀವೇ ಹೇಳಿ.

ಆದರೆ ಭಾನುವಾರ ನನ್ನದು. ಅಂದು ಅವರು ಲುಂಗಿ ಎತ್ತಿ ಕಟ್ಟಿ, ಹೆಂಡತಿಯನ್ನು ಅಡುಗೆಮನೆಯಿಂದ ಆಚೆ ಕಳಿಸಿ, ನನ್ನ ಮುಂದೆ ನಿಲ್ಲುತ್ತಿದ್ದರು. ನೀರು ಚಿಮುಕಿಸಿ ಅದು ಚುರ್ ಎನ್ನುವುದನ್ನು ಕೇಳಿ ನಗುತ್ತಿದ್ದರು. ಅಂಥ ಹೊತ್ತಿನಲ್ಲೂ ಅವರಿಗೆ ಪಕ್ಕದಲ್ಲಿ ಟೇಪ್ ಹಾಡುತ್ತಿರಬೇಕು, ಅಕ್ಕಿ ಡಬ್ಬಿಗೆ ಒರಗಿಸಿದ ಪುಸ್ತಕ ತೆರೆದಿರಬೇಕು. ಕಣ್ಣು ಪುಟದ ಮೇಲೆ ಹೋಯಿತೋ, ನಾನು ದೋಸೆಯನ್ನು ಸೀಸಿಬಿಡುತ್ತಿದ್ದೆ. ಬೇಕೆಂದೇ. ಹೊಗೆ ಮೂಗಿಗೆ ಬಡಿದಾಗ "ಅಯ್ಯೋ ಶಿವನೇ" ಎಂದು ಪುಸ್ತಕ ಮುಚ್ಚಿ ನನ್ನತ್ತ ಓಡಿಬರುತ್ತಿದ್ದರಲ್ಲ, ಆ ಸುಖಕ್ಕಾಗಿ ಎಷ್ಟು ಹಿಟ್ಟು ಬೇಕಾದರೂ ಹಾಳುಮಾಡಿಯೇನು.

ಬರಬರುತ್ತಾ ಕ್ಲಬ್ಬಿನವರು ಭಾನುವಾರ ಆಟ ಮುಗಿಸಿ ನೇರವಾಗಿ ನಮ್ಮ ಮನೆಗೇ ಬರತೊಡಗಿದರು. ಅವರಲ್ಲಿ ಮುನೀರ್ ಸಾಹೇಬರು ಮುಖ್ಯರು, ಆಟದಲ್ಲಿ ತಿಪ್ಪೇಸ್ವಾಮಿಯವರ ಜೊತೆಗಾರ. "ಸ್ವಾಮಿ, ನಿಮ್ಮ ಸ್ಮ್ಯಾಶಿಗಿಂತ ನಿಮ್ಮ ದೋಸೆ ವಾಸಿ" ಎಂದು ಅವರು ಅಂದಾಗ ನಾನು ಗೋಡೆಯ ಮೇಲಿನ ಬ್ಯಾಟಿನ ಕಡೆ ನೋಡಿದೆ. ಶನಿವಾರ ಅಕ್ಕಿ ಉದ್ದು ನೆನೆಹಾಕಿ ರುಬ್ಬುತ್ತಿದ್ದವಳು ಕಮಲಾಕ್ಷಿ, ಚಟ್ನಿ ಆಕೆಯದು, ಎಲ್ಲರೂ ಎದ್ದುಹೋದ ಮೇಲೆ ನನ್ನನ್ನು ಒರೆಸಿಡುತ್ತಿದ್ದವಳೂ ಆಕೆಯೇ. ಹೊಗಳಿಕೆ ನಮ್ಮಿಬ್ಬರಿಗೆ, ಅಂದರೆ ಅವರಿಗೂ ನನಗೂ. ಆಕೆ ತಿನ್ನುತ್ತಿದ್ದುದು ಮೊದಲು ಅಂಟಿಕೊಂಡು ಹರಿದುಹೋದ ದೋಸೆ, ಇಲ್ಲವೇ ಪಾತ್ರೆಯ ತಳ ಬಳಿದು ಹೊಯ್ದ ಕೊನೆಯದು. ಅದನ್ನು ನಾನು ನೋಡಿದ್ದೆ. ನೋಡಿಯೂ ನನಗೆ ಏನೂ ಅನ್ನಿಸಿರಲಿಲ್ಲ. ವಾರವಿಡೀ ನನ್ನನ್ನು ಮುಟ್ಟುವ ಕೈ ಅದು, ಅಷ್ಟೇ ಅಂದುಕೊಂಡಿದ್ದೆ.

ಒಂದು ಶನಿವಾರ ಸಂಜೆ ಹಿಟ್ಟು ರುಬ್ಬಿ ಕೈ ತೊಳೆಯುತ್ತಾ ಕಮಲಾಕ್ಷಿ ಅಂದಳು, "ರೀ, ನಾಳೆ ನನಗೂ ಒಂದು ಬಿಸಿ ದೋಸೆ ಹಾಕ್ಕೊಡಿ. ನಾನು ಸುಮ್ಮನೆ ಕೂತ್ಕೊಂಡು ತಿಂತೀನಿ."

ತಿಪ್ಪೇಸ್ವಾಮಿಯವರು ಪುಸ್ತಕದಿಂದ ತಲೆಯೆತ್ತದೆ, "ಅದಕ್ಕೇನಂತೆ, ಆಯ್ತು" ಅಂದರು.

ಮರುದಿನ ಕ್ಲಬ್ಬಿನ ಫೈನಲ್ ಆಟ. ತಿಪ್ಪೇಸ್ವಾಮಿಯವರೂ ಮುನೀರ್ ಸಾಹೇಬರೂ ಗೆದ್ದರು, ಗೆದ್ದ ಕಪ್ ಹಿಡಿದುಕೊಂಡು ಇಡೀ ಗುಂಪೇ ಮನೆಗೆ ನುಗ್ಗಿತು. ನನ್ನ ಮೇಲೆ ದೋಸೆಯ ಬೆನ್ನಿಗೆ ದೋಸೆ. ಕಮಲಾಕ್ಷಿ ಬಾಗಿಲ ಪಕ್ಕ ಒಂದು ಕುರ್ಚಿಯಲ್ಲಿ ಕೂತಿದ್ದಳು, ಮಡಿಲಲ್ಲಿ ಖಾಲಿ ತಟ್ಟೆ. ಹೊಸ ಸೀರೆ ಉಟ್ಟಿದ್ದಳು. ಒಂದಿಷ್ಟು ಹೊತ್ತಾದ ಮೇಲೆ ಯಾರೋ ಚಟ್ನಿ ಕೇಳಿದರು, ಎದ್ದು ಬಡಿಸಿದಳು. ಮತ್ತೆ ಬಂದು ಕೂರಲಿಲ್ಲ. ಹಿಟ್ಟು ಮುಗಿಯಿತು. "ಇವತ್ತಿನ ದೋಸೆ ಹೇಗಿತ್ತು ಕಮಲಾ?" ಎಂದು ತಿಪ್ಪೇಸ್ವಾಮಿಯವರು ಕೇಳಿದರು. "ಚೆನ್ನಾಗಿತ್ತಂತೆ" ಅಂದಳು.

ಸೋಮವಾರ ಆಕೆ ನನ್ನ ಮೇಲೆ ಚಪಾತಿ ಬೇಯಿಸಿದಳು.

ಮೊದಲ ಚಪಾತಿ ಬಿದ್ದಾಗ ಗೊತ್ತಿಲ್ಲದೆ ಆಯಿತೇನೋ ಅಂದುಕೊಂಡೆ. ಚಪಾತಿಯ ಹೆಂಚು ಪಕ್ಕದಲ್ಲೇ ಇತ್ತು. ಆಕೆ ಒಣ ಹಿಟ್ಟನ್ನು ಧಾರಾಳವಾಗಿ ಉದುರಿಸಿ, ಬಟ್ಟೆಯಿಂದ ಒತ್ತಿ ಒತ್ತಿ ಸುಟ್ಟಳು. ಮಂಗಳವಾರವೂ ಅದೇ, ಬುಧವಾರವೂ ಅದೇ. ಹಿಟ್ಟು ನನ್ನ ಮೈಯ ಸಣ್ಣಸಣ್ಣ ರಂಧ್ರಗಳಿಗೆ ಇಳಿದು ಕರಿಕಾಯಿತು. ಅಮ್ಮನ ಮಾತನ್ನು ಮರೆತು ಮಾಡಿದ ಕೆಲಸವಲ್ಲ ಅದು. ನೆನಪಿಟ್ಟುಕೊಂಡೇ ಮಾಡಿದ್ದು.

ಮುಂದಿನ ಭಾನುವಾರ ಮುನೀರ್ ಸಾಹೇಬರ ಮುಂದೆ ನನ್ನ ಮಾನ ಹೋಯಿತು. ಒಂದು ದೋಸೆಯೂ ಏಳಲಿಲ್ಲ. ತಿಪ್ಪೇಸ್ವಾಮಿಯವರು ಈರುಳ್ಳಿ ಉಜ್ಜಿದರು, ಎಣ್ಣೆ ಸುರಿದರು, ಸಟ್ಟುಗದಿಂದ ಕೆರೆದರು. ನಾನು ಬಿಡಬೇಕೆಂದು ಎಷ್ಟು ಹೆಣಗಿದೆನೋ ಆ ಶಿವನೇ ಬಲ್ಲ. "ಈ ಕಾವಲಿ ಕಥೆ ಮುಗೀತು" ಎಂದು ಅವರು ಬೆವರು ಒರೆಸಿಕೊಂಡರು. ಕಮಲಾಕ್ಷಿ ಉಪ್ಪಿಟ್ಟು ಮಾಡಿ ಬಂದವರಿಗೆ ಕೊಟ್ಟಳು.

ಆ ವಾರವೇ ಸವತಿ ಬಂದಳು. ನಾನ್‌ಸ್ಟಿಕ್ ತವಾ. ಕೆಂಪು ಹಿಡಿ, ಹಗುರ ಮೈ, ಪಳಗಿಸುವ ಗೋಳಿಲ್ಲ, ಬಂದ ದಿನವೇ ದೋಸೆ ಜಾರಿತು. ನನ್ನನ್ನು ಹಿತ್ತಿಲ ಶೀಟಿನ ಕೋಣೆಗೆ ಒಯ್ದು ಉಪ್ಪಿನಕಾಯಿ ಜಾಡಿಯ ಮೇಲೆ ಭಾರಕ್ಕೆ ಇಟ್ಟರು. ಅಲ್ಲಿ ಕಣ್ಣು ಹೊಂದಿಕೊಂಡ ಮೇಲೆ ನೋಡುತ್ತೇನೆ, ಆ ಮರದ ಬ್ಯಾಟು ಮೂಲೆಯಲ್ಲಿ ಬಿದ್ದಿದೆ, ತಂತಿ ಹರಿದು. ಅದರ ಜಾಗಕ್ಕೆ ಹೊಳೆಯುವ ಲೋಹದ ಬ್ಯಾಟು ಬಂದಿತ್ತಂತೆ. ಹಳೆಯ ಟೇಪ್ ರೆಕಾರ್ಡರ್ ಕೂಡ ಅಲ್ಲೇ, ಸುತ್ತಲೂ ಗೆದ್ದಲು ಹಿಡಿದ ಪುಸ್ತಕದ ಕಟ್ಟು. ವರ್ಷಗಟ್ಟಲೆ ಯಾರ ಮೇಲೆ ಹಲ್ಲು ಕಡಿದಿದ್ದೆನೋ ಅವರೆಲ್ಲ ನನಗಿಂತ ಮೊದಲೇ ಬಂದು ಕೂತಿದ್ದರು. ಖುಷಿಯಾಗಬೇಕಿತ್ತು. ಆಗಲಿಲ್ಲ.

ಸವತಿಯ ಸೊಕ್ಕು ಇಳಿದದ್ದು ಮಾತ್ರ ನನಗೆ ಹಬ್ಬ. ತಿಪ್ಪೇಸ್ವಾಮಿಯವರಿಗೆ ಕಬ್ಬಿಣದ ಸಟ್ಟುಗ ಬಿಟ್ಟು ಬೇರೆ ಹಿಡಿಯಲು ಬರುವುದಿಲ್ಲ. ಕೆರೆದು ಕೆರೆದು ಅವಳ ಚರ್ಮ ಸುಲಿಯಿತು. ಮುನೀರ್ ಸಾಹೇಬರು ಒಂದು ಭಾನುವಾರ ದೋಸೆಯಿಂದ ಕರಿ ಚಕ್ಕೆಯೊಂದನ್ನು ಎತ್ತಿ ಹಿಡಿದು, "ಸ್ವಾಮಿ, ಇದೇನು ಸಾಸಿವೆನಾ?" ಅಂದರು.

ಅಂದು ಮಧ್ಯಾಹ್ನ ತಿಪ್ಪೇಸ್ವಾಮಿಯವರು ಶೀಟಿನ ಕೋಣೆಗೆ ಬಂದು ನನ್ನನ್ನು ಎತ್ತಿಕೊಂಡು ಹಿತ್ತಿಲ ಕಟ್ಟೆಯ ಬಿಸಿಲಿಗೆ ತಂದರು. ಹಳೆಯ ಅಭ್ಯಾಸದಂತೆ ಹೆಬ್ಬೆರಳಿನಿಂದ ಸವರಿದರು. ಬೆರಳು ನಿಂತಿತು. ಮತ್ತೊಮ್ಮೆ ಸವರಿದರು. ಒರಟು ಎಲ್ಲಿದೆ, ಏಕಿದೆ ಎಂಬುದು ಆ ಬೆರಳಿಗೆ ತಿಳಿಯದೆ ಇರುತ್ತದೆಯೇ?

"ಕಮಲಾ, ಇದರ ಮೇಲೆ ಚಪಾತಿ ಬೇಯಿಸಿದೀಯಾ?"

ಬಟ್ಟೆ ಒಣಹಾಕುತ್ತಿದ್ದ ಕಮಲಾಕ್ಷಿ ತಿರುಗಿ ನೋಡಿದಳು. "ಹೂಂ. ಬೇಯಿಸ್ದೆ."

"ಗೊತ್ತಿದ್ದೂ?"

"ಗೊತ್ತಿದ್ದೇ." ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿ ತಂತಿಗೆ ಹಾಕಿದಳು. ಆಮೇಲೆ ಹೇಳಿದಳು, "ನಿಮ್ಮ ಬ್ಯಾಟಿನ ಮೇಲೆ ನನಗೆ ಸಿಟ್ಟಿಲ್ಲ. ಪುಸ್ತಕ, ಹಾಡು, ಯಾವುದರ ಮೇಲೂ ಇಲ್ಲ. ಅವು ನಿಮ್ಮವು, ಏನಾದ್ರೂ ಮಾಡ್ಕೊಳ್ಳಿ. ಈ ಕಾವಲಿ ನಮ್ಮಮ್ಮನದು. ನನಗೆ ಅಂತ ನೆಲದ ಮೇಲೆ ಇಟ್ಟು ಹೋದಳು. ನೀವು ಅದರ ಮೇಲೆ ಊರಿಗೆಲ್ಲ ದೋಸೆ ಹಾಕಿದ್ರಿ. ಬಾಯಿಬಿಟ್ಟು ಕೇಳಿದ್ರೂ ನನಗೊಂದು ಹಾಕ್ಲಿಲ್ಲ. ಹೊಟ್ಟೆ ಉರೀತು. ಅದಕ್ಕೇ ಕೆಡಿಸ್ದೆ."

ಹೊಟ್ಟೆಕಿಚ್ಚು ಆ ಮನೆಯಲ್ಲಿ ನನ್ನೊಬ್ಬಳ ಸೊತ್ತು ಎಂದುಕೊಂಡಿದ್ದೆ. ನಾನು ಬ್ಯಾಟನ್ನು ನೋಡಿ ಉರಿಯುತ್ತಿದ್ದ ಅಷ್ಟೂ ದಿನ ಇವಳು ನನ್ನನ್ನು ನೋಡಿ ಉರಿಯುತ್ತಿದ್ದಳು.

ತಿಪ್ಪೇಸ್ವಾಮಿಯವರು ನನ್ನನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತರು. "ಅತ್ತೆ ಇದನ್ನ ಹೇಗೆ ಪಳಗಿಸಿದ್ರು?" ಎಂದು ಕೇಳಿದರು.

"ಹೇಳಿದ್ರೆ ಮಾಡ್ತೀರಾ?"

"ಮಾಡ್ತೀನಿ."

"ಅವಸರ ಮಾಡಂಗಿಲ್ಲ."

ಗಂಜಿನೀರು, ನಾರು, ಎಣ್ಣೆ, ಬಿಸಿಲು. ಕೊಟ್ರಮ್ಮ ಮಾಡಿದ್ದನ್ನೆಲ್ಲ ಅವರು ಮಾಡಿದರು. ಆಕೆ ಹೊಸ್ತಿಲಲ್ಲಿ ನಿಂತು ಹೇಳುತ್ತಿದ್ದಳು, ಕೈ ಹಚ್ಚಲಿಲ್ಲ. ಒಂದು ಸಂಜೆ ಮುನೀರ್ ಸಾಹೇಬರು ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿ ಆಟಕ್ಕೆ ಕರೆದಾಗ, "ಕಾವಲಿಗೆ ಎಣ್ಣೆ ಹಚ್ಚಿದೀನಿ ಸಾಹೇಬ್ರೆ, ಇವತ್ತು ಬರಕ್ಕಾಗಲ್ಲ" ಎಂದು ಹೇಳಿ ಕಳಿಸಿದರು. ಗೋಡೆಯ ಮೇಲಿದ್ದ ಹೊಸ ಬ್ಯಾಟು ಅದನ್ನು ಕೇಳಿಸಿಕೊಂಡಿತು. ನನ್ನ ಇಡೀ ಬಾಳಿನಲ್ಲಿ ಅಂಥ ಸಿಹಿಯಾದ ಮಾತನ್ನು ನಾನು ಕೇಳಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಭಾನುವಾರ ಬಂತು. ಹೊಸ ಟೇಪ್ ರೆಕಾರ್ಡರ್ ಹಾಡಲಿಲ್ಲ, ಪುಸ್ತಕ ತೆರೆಯಲಿಲ್ಲ, ಕ್ಲಬ್ಬಿನವರಿಗೆ ಬರಬೇಡಿ ಎಂದು ಹೇಳಿಯಾಗಿತ್ತು. ನನ್ನನ್ನು ಒಲೆಗೇರಿಸುತ್ತಾರೆ ಎಂದು ಕಾಯುತ್ತಿದ್ದೆ. ತಿಪ್ಪೇಸ್ವಾಮಿಯವರು ನನ್ನನ್ನು ತಂದು ಕಮಲಾಕ್ಷಿಯ ಮುಂದೆ ನೆಲದ ಮೇಲಿಟ್ಟರು.

"ನಿನ್ನದು. ತಗೋ" ಅಂದರು.

ಆಕೆ ಬಗ್ಗಿ ನನ್ನನ್ನು ಎತ್ತಿಕೊಂಡಳು. ವಾರವಿಡೀ ಮುಟ್ಟುತ್ತಿದ್ದ ಕೈಯೇ. ಆದರೂ ಆ ಕೈಯ ಹಿಡಿತ ನನಗೆ ಹೊಸದು. ತಾನೇ ಒಲೆಯ ಮೇಲಿಟ್ಟು, ಕುರ್ಚಿ ಎಳೆದು ಕೂತು, "ಈಗ ಹಾಕಿ" ಅಂದಳು.

ಮೊದಲ ದೋಸೆ ಅಂಟಿತು, ಎರಡನೆಯದೂ ಹರಿಯಿತು. ಅವೆರಡನ್ನೂ ತಿಪ್ಪೇಸ್ವಾಮಿಯವರು ನಿಂತಲ್ಲೇ ಬಾಯಿಗೆ ಹಾಕಿಕೊಂಡರು. ಮುಂದಿನದು ಅಂಚಿನಲ್ಲಿ ತಾನಾಗಿ ಎದ್ದಿತು, ಹೊಂಬಣ್ಣ ಬಂದು. ಅದು ಆಕೆಯ ತಟ್ಟೆಗೆ ಹೋಯಿತು. ಅವರು ಸಟ್ಟುಗ ಹಿಡಿದುಕೊಂಡು ಆಕೆಯ ಮುಖವನ್ನೇ ನೋಡುತ್ತಾ ನಿಂತರು. ಆಕೆ ನಿಧಾನವಾಗಿ ಮುರಿದು ತಿಂದು, "ಉಪ್ಪು ಒಂಚೂರು ಮುಂದು" ಅಂದಳು. ಕಣ್ಣು ತುಂಬಿತ್ತು. ಅಷ್ಟರಲ್ಲಿ ನನ್ನ ಮೇಲಿದ್ದ ದೋಸೆ ಸೀದು ಕರಿಕಾಯಿತು. ಈ ಸಲ ಯಾರೂ ನನ್ನತ್ತ ಓಡಿಬರಲಿಲ್ಲ.

ಅದಾಗಿ ಬಹಳ ಕಾಲವಾಯಿತು. ಕ್ವಾರ್ಟರ್ಸ್ ಬಿಟ್ಟು ಊರೊಳಗಿನ ಸಣ್ಣ ಮನೆಗೆ ಬಂದಿದ್ದೇವೆ. ನನ್ನ ಅಂಚಿನ ಒಂದು ಚೂರು ಹಾರಿದೆ, ತಿಪ್ಪೇಸ್ವಾಮಿಯವರ ಮಂಡಿ ಸವೆದು ಬ್ಯಾಟು ಮತ್ತೆ ಮೂಲೆ ಸೇರಿದೆ. ವಾರವೆಲ್ಲ ನಾನು ಕಿಟಕಿಯ ಕೆಳಗಿನ ಮೊಳೆಗೆ ತೂಗಿಕೊಂಡಿರುತ್ತೇನೆ. ಭಾನುವಾರ ಮಾತ್ರ ಇಳಿಸುತ್ತಾರೆ. ಈಗಲೂ ಆಕೆ ಕೂರುತ್ತಾಳೆ, ಅವರು ಹಾಕುತ್ತಾರೆ, ಈಗಲೂ ಅವರು ಆಕೆಯ ಮುಖ ನೋಡುತ್ತಾ ನನ್ನನ್ನು ಮರೆಯುತ್ತಾರೆ.

ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡಿ. ಹೋಗಿಲ್ಲ, ಕಬ್ಬಿಣದ ಗುಣ ಅಷ್ಟು ಬೇಗ ಹೋಗುವುದಿಲ್ಲ. ಅವರು ಆಚೆ ತಿರುಗಿದರೆ ನಾನು ಇಂದಿಗೂ ದೋಸೆ ಸೀಸುತ್ತೇನೆ. ಆದರೆ ಕೊಟ್ರಮ್ಮನ ಮಗಳ ತಟ್ಟೆಗೆ ಹೋಗುವ ಆ ಮೊದಲ ದೋಸೆಯನ್ನು ಮಾತ್ರ ಒಂದು ದಿನವೂ ಹಿಡಿದಿಟ್ಟುಕೊಂಡಿಲ್ಲ.