ಗಾಳಿ ಸೋಕಬಾರದ ನಿಕ್ಕಲ್

ನಾನು ಒಂದು ಡ್ರಮ್ಮಿನಷ್ಟು ಕಪ್ಪು ಪುಡಿ. ಹೆಸರು ನಿಕ್ಕಲ್. ಹುಟ್ಟಿದ್ದು ಕುಲುಮೆಯಲ್ಲಿ, ಅಲ್ಯೂಮಿನಿಯಂ ಜೊತೆ ಬೆರೆತು. ತಣ್ಣಗಾದ ಮೇಲೆ ನಮ್ಮನ್ನು ಪುಡಿ ಮಾಡಿ ಕಾಸ್ಟಿಕ್ ಸೋಡದ ನೀರಿಗೆ ಹಾಕಿದರು. ಅದು ನನ್ನ ಜೊತೆಗಾರನನ್ನು ತಿಂದು ಹಾಕಿತು. ಅವನಿದ್ದ ಜಾಗವೆಲ್ಲ ಈಗ ತೂತು. ಆ ತೂತುಗಳೇ ನನ್ನ ಶಕ್ತಿಯಂತೆ! ಹಿಗ್ಗುವ ಮೊದಲೇ ನೀರು ತುಂಬಿದ ಡ್ರಮ್ಮಿಗೆ ಸುರಿದು ಮುಚ್ಚಳ ಬಿಗಿದರು. ಒಣಗಿ ಗಾಳಿ ಸೋಕಿದರೆ ತಾನಾಗಿಯೇ ಹೊತ್ತಿಕೊಳ್ಳುವ ಸ್ವಭಾವ ನನ್ನದಂತೆ. ನಾನು ನಂಬಲಿಲ್ಲ. ಹುಟ್ಟಿದ ಕೂಸನ್ನು ಯಾರಾದರೂ ಹೀಗೆ ಮುಳುಗಿಸಿಡುತ್ತಾರೆಯೇ?

ಬಂದು ಸೇರಿದ್ದು ಬೀದರ್ ಹತ್ತಿರದ ಒಂದು ಕಾರ್ಖಾನೆಗೆ. ಸೀರೆಗಳ ನಡುವೆ ಇಡುವ ನುಸಿಗುಳಿಗೆ ಗೊತ್ತಲ್ಲ, ಅದೇ ನ್ಯಾಫ್ತಲೀನನ್ನು ಇಲ್ಲಿ ಕರಗಿಸಿ, ಹೈಡ್ರೋಜನ್ ಕೂಡಿಸಿ, ಬಣ್ಣದ ಕಂಪನಿಗಳಿಗೆ ಬೇಕಾದ ದ್ರಾವಕ ಮಾಡುತ್ತಾರೆ. ಅವೆರಡಕ್ಕೂ ಬಿಗುಮಾನ. ನಾನು ನಡುವೆ ನಿಲ್ಲದಿದ್ದರೆ ಒಂದಾಗುವುದಿಲ್ಲ. ಅದಕ್ಕೆ ನನ್ನನ್ನು ದಪ್ಪ ಉಕ್ಕಿನ ರಿಯಾಕ್ಟರಿನೊಳಗೆ ತಳ್ಳುತ್ತಿದ್ದರು. ಕುದಿಯುವ ಕಾವು, ಎದೆ ಮೇಲೆ ಯಾರೋ ಕೂತಂಥ ಒತ್ತಡ. ಕೆಲಸ ಮುಗಿದರೆ ದ್ರಾವಕ ಪೈಪಿನಲ್ಲಿ ಜುಳುಜುಳು ಹರಿದು ಹೊರಗೆ ಹೋಗುತ್ತಿತ್ತು. ನನ್ನನ್ನು ಮಾತ್ರ ಜಾಲರಿ ತಡೆಯುತ್ತಿತ್ತು. ಮತ್ತೆ ಡ್ರಮ್ಮಿನ ನೀರು, ಮತ್ತೆ ರಿಯಾಕ್ಟರು. ಮದುವೆ ಮಾಡಿಸಿದ ದಲ್ಲಾಳಿಯನ್ನು ಊಟಕ್ಕೂ ಕರೆಯದ ಹಾಗಿತ್ತು ನನ್ನ ಪಾಡು. ಒಂದೇ ಒಂದು ಸಲ ಗಾಳಿಗೆ ಮೈಯೊಡ್ಡಬೇಕು ಅಂತ ಜೀವ ಚಡಪಡಿಸುತ್ತಿತ್ತು.

ಆ ವರ್ಷ ಖಂಡೆ ಪೂಜೆ, ಅಂದರೆ ಆಯುಧಪೂಜೆ, ಬಂತು. ಹಬ್ಬಕ್ಕೆ ಯಂತ್ರಗಳನ್ನೆಲ್ಲ ತೊಳೆದು, ಒರೆಸಿ, ಕುಂಕುಮ ಹಚ್ಚುತ್ತಾರೆ. ನಮ್ಮ ಶೆಡ್ಡಿನ ಆಪರೇಟರ್ ಘಾಳೆಪ್ಪ ಬೆಳಿಗ್ಗೆಯೇ ಕೂಗಿ ಹೇಳಿದ: "ಇಲ್ಲಿ ಕರ್ಪೂರ ಬ್ಯಾಡ, ಊದಿನಕಡ್ಡಿನೂ ಬ್ಯಾಡ. ಹೈಡ್ರೋಜನ್ ಅದ. ಬರೇ ಹೂವು, ಕುಂಕುಮ."

ಎಲ್ಲರೂ ಬೆಂಕಿಕಡ್ಡಿ ಗೇಟಿನಲ್ಲೇ ಇಟ್ಟು ಬಂದರು. ನನ್ನ ನೆನಪು ಯಾರಿಗೂ ಆಗಲಿಲ್ಲ.

ತೊಳೆಯಲು ಕೈ ಸಾಲದೆಂದು ಪ್ಯಾಕಿಂಗ್ ಕಡೆಯ ಮಾಣಿಕಪ್ಪನನ್ನು ಕರೆಸಿದ್ದರು. ನಡುವಯಸ್ಸಿನ ಮನುಷ್ಯ, ಮಹಾ ಅಚ್ಚುಕಟ್ಟು. ನನ್ನ ಮುಚ್ಚಳ ತೆಗೆದು ಮೂಗು ಮುರಿದ.

"ಹಬ್ಬದ ದಿನ ಇಂಥಾ ಹೊಲಸು ನೀರಾಗ ಇಡ್ತಾರೇನು? ನಿನಗೂ ಒಂದಿಷ್ಟು ಗಾಳಿ ಆಡ್ಲಿ."

ನೀರನ್ನೆಲ್ಲ ಬಗ್ಗಿಸಿ ಚೆಲ್ಲಿದ. ಪೂಜೆಯ ಪಾತ್ರೆ ಆರಿಸುವಂತೆ ಡ್ರಮ್ಮನ್ನು ಬಾಗಿಲ ಗಾಳಿಗೆ ಓರೆಯಾಗಿಟ್ಟ.

ಆಹಾ! ಕೊನೆಗೂ ಗಾಳಿ! ತೂತು ತೂತಿನೊಳಗೂ ಹೊಕ್ಕಿತು. ಎಂಥ ಸುಖ ಅಂತೀರಿ! ಆದರೆ ಮೇಲಿನ ಪದರ ಒಣಗುತ್ತಿದ್ದಂತೆ ಅಂಚಿನಲ್ಲಿ ಬಿಸಿ ಹತ್ತಿತು. ಬಿಸಿ ಏರುತ್ತಲೇ ಹೋಯಿತು. ಹೇಳಿದ್ದೆಲ್ಲ ನಿಜವಾಗಿತ್ತು. ಪಕ್ಕದಲ್ಲೇ ದ್ರಾವಕದ ಡ್ರಮ್ಮುಗಳ ಸಾಲು. ಮಾಣಿಕಪ್ಪ ಬೆರಳಿಗೆ ಕುಂಕುಮ ಹಚ್ಚಿಕೊಂಡು, ಏನೋ ಗುನುಗುತ್ತ ನನ್ನ ಮೇಲೆಯೇ ಬಾಗಿದ. ಅಯ್ಯೋ ಪುಣ್ಯಾತ್ಮ, ದೂರ ಹೋಗೋ! ನನಗೆ ಗಾಳಿ ಬೇಡ, ಏನೂ ಬೇಡ! ಕೂಗಲು ಬಾಯಿ ಎಲ್ಲಿದೆ? ನನ್ನ ಮೈಯಿಂದ ಕಿಡಿ ಹಾರಿತು.

"ಮಾಣಿಕಪ್ಪಾ, ಹಿಂದ ಸರಿ!" ಘಾಳೆಪ್ಪ ಕೈಯಲ್ಲಿದ್ದ ತೆಂಗಿನಕಾಯಿ ಬಿಸಾಕಿ ಓಡಿಬಂದ. ನೆಲ ಒರೆಸುತ್ತಿದ್ದ ಶಾಂತಾಬಾಯಿಯ ಬಕೆಟ್ ಕಸಿದು ನನ್ನ ಮೇಲೆ ಸುರಿದ. ಅವಳು ಇನ್ನೊಂದು ತಂದಳು. ಬುಸ್ಸೆಂದು ಹಬೆ ಎದ್ದಿತು. ಮಾಣಿಕಪ್ಪನ ಕೈಯ ಕೂದಲು ಸುಟ್ಟಿತ್ತು, ಅಷ್ಟೇ. ಅವನು ನೆಲದ ಮೇಲೆ ಕೂತ. "ಹಬ್ಬ ಅಂತ ತೊಳ್ದೆ ರೀ ಅಣ್ಣಾ," ಎಂದು ಅತ್ತೇಬಿಟ್ಟ. ಆ ಕೊಳೆನೀರಿನೊಳಗೆ ಮುಳುಗಿ ನಾನೂ ನಿಟ್ಟುಸಿರಿಟ್ಟೆ.

ಅರ್ಧ ಸುಟ್ಟವನಿಂದ ಇನ್ನೇನು ಕೆಲಸ? ಹಿತ್ತಲ ಮೂಲೆಗೆ ಸರಿಸಿದರು. ಎಂದಾದರೂ ಲಾರಿ ಬಂದು ಮತ್ತೆ ಕರಗಿಸಲು ಕುಲುಮೆಗೆ ಒಯ್ಯಬಹುದು. ಅಲ್ಲಿಯವರೆಗೆ ಇದೇ ಡ್ರಮ್ಮು, ಇದೇ ಕತ್ತಲೆ. ಗಾಳಿಯ ಆಸೆ ಸತ್ತಿಲ್ಲ, ಸುಳ್ಳು ಯಾಕೆ ಹೇಳಲಿ. ಪ್ರತಿ ಖಂಡೆ ಪೂಜೆಗೆ ಮಾಣಿಕಪ್ಪ ಮಾತ್ರ ತಪ್ಪದೆ ಬರುತ್ತಾನೆ. ಮೊದಲು ಕೊಡದಿಂದ ತುಂಬಾ ನೀರು ಹಾಕುತ್ತಾನೆ, ಆಮೇಲೆ ಕುಂಕುಮ. ಡ್ರಮ್ಮಿನ ತೆರೆದ ಬಾಯಿಯಿಂದ ಹೊರಗಿನ ಗಾಳಿ ನನ್ನನ್ನು ಕರೆಯುತ್ತದೆ. ಮೇಲೆ ಅವನ ಮುಖ ಕಾಣುತ್ತದೆ.

ಬೇಗ ಮುಚ್ಚಳ ಹಾಕಪ್ಪಾ, ಬಿಗಿಯಾಗಿ ಹಾಕು.