ಏಳು ಬಿಳಿ ಚಿಂದಿ

ಬಸ್ಸು ಕೆಟ್ಟು ನಿಂತದ್ದು ಒಳ್ಳೆಯದೇ ಆಯಿತು ಎಂದು ಮಾರೆಣ್ಣ ಮೂರನೆಯ ಸಲ ಹೇಳಿದಾಗ ಪಕ್ಕದ ಸೀಟಿನ ಮುದುಕಿ ಅವನ ಕಡೆ ತಿರುಗಿದಳು.

"ಏನ್ ಒಳ್ಳೇದಾತ್ರಿ?"

"ಕುರುಗೋಡಿನ ಗುಡ್ಡ ನೋಡಾಕ ಸಿಕ್ತಲ್ಲಬೇ."

"ಗುಡ್ಡ ಎಲ್ಲಿ ಓಡಿಹೊಕ್ಕಿತ್ತು?"

ಮಾರೆಣ್ಣ ನಕ್ಕ. ಡ್ರೈವರು ಬಸ್ಸಿನ ಬೆನ್ನಿಗಿದ್ದ ಇದ್ದಿಲ ಒಲೆಯನ್ನು ಸಲಾಕೆಯಿಂದ ಕೆದಕುತ್ತಿದ್ದ. ಯುದ್ಧ ಮುಗಿದು ವರ್ಷವಾಗುತ್ತ ಬಂದರೂ ಈ ಕಡೆಯ ಬಸ್ಸುಗಳಿಗೆ ಪೆಟ್ರೋಲು ಸಿಕ್ಕಿರಲಿಲ್ಲ, ಇದ್ದಿಲ ಹೊಗೆಯಲ್ಲೇ ಓಡುತ್ತಿದ್ದವು. ಮಾರೆಣ್ಣ ತೊಡೆಯ ಮೇಲಿನ ಔಷಧದ ಪೆಟ್ಟಿಗೆಯನ್ನು ಸರಿಮಾಡಿಕೊಂಡು ವರದಿ ಪುಸ್ತಕ ತೆಗೆದ. 'ಕುರುಗೋಡು. ಬಸ್ಸು ಕೆಟ್ಟಿತು. ಉತ್ಸಾಹ ಕುಂದಿಲ್ಲ.'

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿಯ ಈ ಕೊನೆಯ ವಾಕ್ಯವೆಂದರೆ ಬಳ್ಳಾರಿಯ ಸೇವಾಸಮಿತಿಯ ಅಧ್ಯಕ್ಷರಿಗೆ ಪ್ರಾಣ. ಸಭೆಯಲ್ಲಿ ಗಟ್ಟಿಯಾಗಿ ಓದಿಸುತ್ತಿದ್ದರು. ಅವನು ದಾಟಬೇಕಾದ ಹೊಳೆಯಾಚೆ ನಿಜಾಮರ ಸೀಮೆ. ಬೇರೆ ರಾಜ್ಯ, ಬೇರೆ ನಾಣ್ಯ. ದಡ ಹತ್ತಿದರೆ ಸುಂಕದ ನಾಕೆಯವರಿಗೆ ಪೆಟ್ಟಿಗೆ ಬಿಚ್ಚಿ ತೋರಿಸಬೇಕು. ಅಲ್ಲಿಗೆ ಹೋಗಿ ಕಾಲರಾಕ್ಕೆ ಸೂಜಿ ಹಾಕುತ್ತೇನೆಂದು ಕೈಯೆತ್ತಿದವನು ಹೈಸ್ಕೂಲಿನ ಮಾಸ್ತರರಲ್ಲಿ ಮಾರೆಣ್ಣ ಒಬ್ಬನೇ.

ಹನ್ನೊಂದು ದಿನದ ಹಿಂದೆ ಆಚೆಯ ಊರಿನಲ್ಲಿ ಔಷಧ ಮುಗಿದಿತ್ತು. ಆಗ ಏಳು ಮನೆಗಳಲ್ಲಿ ಬೇನೆಯಿತ್ತು. ಮೂರು ದಿನದಲ್ಲಿ ತರುತ್ತೇನೆ ಎಂದು ಹೊರಟವನನ್ನು ಕಳಿಸಲು ದಡದವರೆಗೆ ಬಂದವಳು ಆ ಊರಿನ ಗಿಡ್ಡಮ್ಮ. ಹಿಂದಿನ ದಿನವಷ್ಟೇ ಗಂಡನನ್ನು ಮಣ್ಣುಮಾಡಿದ್ದಳು. ಮಾರೆಣ್ಣ ತನ್ನ ಇನ್ನೊಂದು ಪಂಚೆಯನ್ನು ಏಳು ಚಿಂದಿಯಾಗಿ ಹರಿದು ದಡದ ಜಾಲಿಗಿಡಕ್ಕೆ ಕಟ್ಟಿದ. ಬೇನೆಯಿರುವ ಮನೆಗೊಂದು. ವಾಸಿಯಾದರೆ ಒಂದು ಬಿಚ್ಚಿರಿ, ಹೊಸ ಮನೆಗೆ ಬಂದರೆ ಒಂದು ಕಟ್ಟಿರಿ, ಹೊಳೆಯಿಂದಲೇ ನನಗೆ ಲೆಕ್ಕ ಸಿಗುತ್ತದೆ ಎಂದು ಅವಳಿಗೆ ಹೇಳಿದ. ಇಂಥ ಉಪಾಯಗಳು ಅವನಿಗೆ ಚೆನ್ನಾಗಿ ಹೊಳೆಯುತ್ತಿದ್ದವು.

"ಬರ್ತೀರೇನ್ರಿ?" ಎಂದು ಗಿಡ್ಡಮ್ಮ ಕೇಳಿದ್ದಳು.

"ಬರ್ತೀನಿ," ಎಂದು ನಕ್ಕಿದ್ದ.

ಆ ಪ್ರಶ್ನೆ ಅವನ ಜೊತೆಗೇ ಹೊಳೆ ದಾಟಿ ಬಂತು. ಪಾಠ ಹೇಳುವಾಗ ಹಿಂದಿನ ಬೆಂಚಿನಿಂದ ಕೇಳಿಸಿತು. ಊಟಕ್ಕೆ ಕೂತಾಗ ಬಾಗಿಲಿನಿಂದ ಕೇಳಿಸಿತು. ಔಷಧ ನಾಲ್ಕನೆಯ ದಿನವೇ ಮದರಾಸಿನಿಂದ ಬಂದಿತ್ತು. ಆಮೇಲೆ ಸಾಲೆಗೆ ಇನ್‌ಸ್ಪೆಕ್ಟರು ಬಂದರು, ಮಳೆ ಬಂತು, ಅವನಿಗೇ ಸಣ್ಣಗೆ ಜ್ವರ ಬಂತು. ಒಂದೊಂದಕ್ಕೂ ಪುಸ್ತಕದಲ್ಲಿ ಉತ್ಸಾಹ ಕುಂದಿಲ್ಲ ಎಂದು ಬರೆದ.

ಇವತ್ತು ಬೆಳಿಗ್ಗೆ ಸಿರುಗುಪ್ಪದ ನೇರ ಬಸ್ಸು ಹೊರಟಾಗ ಅವನು ಎದುರಿನ ಹೋಟೆಲಿನಲ್ಲಿದ್ದ. ಓಡಿದ್ದರೆ ಸಿಗುತ್ತಿತ್ತು. ಲೋಟದಲ್ಲಿ ಎರಡು ಗುಟುಕು ಕಾಫಿ ಉಳಿದಿತ್ತು. ಬಸ್ಸು ತಿರುವಿನಲ್ಲಿ ಮರೆಯಾದಾಗ ಎದೆಯಲ್ಲಿ ಏನೋ ಸಡಿಲವಾಯಿತು. ಕುರುಗೋಡು ಬಳಸಿ ಹೋಗುವ ಬಸ್ಸಿನಲ್ಲಿ ಕೂತ ಮೇಲೆ ಅದಕ್ಕೊಂದು ಹೆಸರು ಹುಡುಕಿದ. ಖುಷಿ ಎಂಬುದರ ಹೊರತು ಬೇರೆ ಹೆಸರು ಸಿಗದೆ ನಾಚಿಕೆಯಾಯಿತು.

ಕೊನೆಗೂ ಬಸ್ಸು ಕೆಮ್ಮಿಕೊಂಡು ಹೊರಟಿತು. ಸಿರುಗುಪ್ಪದಲ್ಲಿ ಹತ್ತಿದ ಎತ್ತಿನ ಬಂಡಿ ನಡುದಾರಿಯ ಎರೆಮಣ್ಣಿನಲ್ಲಿ ಹೂತುಕೊಂಡಿತು. ನಡೆದರೆ ಮೈಗೆ ಒಳ್ಳೆಯದು ಎಂದು ಬಂಡಿಯವನಿಗೆ ಹೇಳಿ ಇಳಿದ. ಬಂಡಿಯವನು ಎತ್ತುಗಳಿಗೆ ಬೈಯುವುದನ್ನು ನಿಲ್ಲಿಸಲಿಲ್ಲ.

ಹೊಳೆಯ ಈಚೆ, ದೇಶನೂರಿನ ದಡ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಹರಿಗೋಲು ಬೋರಲು ಬಿದ್ದಿತ್ತು. ಅದನ್ನು ನಡೆಸುವ ಎರ್ರಣ್ಣ ನೆರಳಿನಲ್ಲಿ ಬೀಡಿ ಸೇದುತ್ತಿದ್ದ.

"ತೂತು ಬಿದ್ದೈತೇನು?" ಎಂದು ಮಾರೆಣ್ಣ ಕೇಳಿದ. ದನಿಯಲ್ಲಿದ್ದ ಆಸೆ ಅವನಿಗೇ ಕೇಳಿಸಿತು.

"ಇಲ್ರಿ. ಮೊನ್ನಿ ಹೊಸಾ ಚರ್ಮ ಬಿಗಿದೀನಿ. ಕುಂದರ್ರಿ."

"ಆ ಕಡಿಂದ ಯಾರರ ಬಂದಿದ್ರೇನು?"

"ಎಂಟು ದಿನಾ ಆತು, ಯಾರೂ ಕೂಗಿಲ್ಲ."

ಹೊಸ ನೀರು ಕೆಂಪಗಿತ್ತು. ನಡುಹೊಳೆ ದಾಟುವಾಗ ಜಾಲಿಗಿಡ ಕಾಣಿಸಿತು. ಮಾರೆಣ್ಣ ಕನ್ನಡಕ ಒರೆಸಿಕೊಂಡು ಎಣಿಸಿದ. ಮತ್ತೆ ಎಣಿಸಿದ.

"ಏಳೇ ಅದಾವ, ಎರ್ರಣ್ಣ. ನೋಡಿದ್ಯಾ? ಹನ್ನೊಂದು ದಿನಕ್ಕ ಒಂದೂ ಹೆಚ್ಚಾಗಿಲ್ಲ."

ಎರ್ರಣ್ಣ ಎರಡು ಸಲ ಹುಟ್ಟು ಹಾಕಿದ. "ಒಂದೂ ಕಡಿಮಿನೂ ಆಗಿಲ್ರಿ."

"ಅಂದ್ರ?"

"ಕಟ್ಟಾಕ, ಬಿಚ್ಚಾಕ ಮಂದಿ ಇರಬೇಕಲ್ರಿ."

ಗಂಟುಗಳು ತಾನು ಹಾಕಿದವೇ, ಯಾರೂ ಮುಟ್ಟಿರಲಿಲ್ಲ. ಪಂಚೆಯ ಕೆಂಪು ಅಂಚು ತುದಿಯ ಚಿಂದಿಯಲ್ಲಿ ಹಾಗೇ ಇತ್ತು. ನಾಕೆಯ ಗುಡಿಸಲಿನ ಬಾಗಿಲು ತೆರೆದಿತ್ತು. ಊರಿನ ಮೇಲೆ ಹೊಗೆ ಏಳುತ್ತಿರಲಿಲ್ಲ. ಒಂದು ನಾಯಿಯೂ ಬೊಗಳಲಿಲ್ಲ.

"ಮುಂದಕ್ಕ ಹೋಗೂನೋ, ತಿರುಗ್ಸೂನೋ? ನೀವ ಹೇಳ್ರಿ," ಎಂದು ಎರ್ರಣ್ಣ ಹುಟ್ಟು ಮೇಲೆತ್ತಿ ಹಿಡಿದ.

ಮಾರೆಣ್ಣನ ಕೈ ತಾನಾಗಿ ಜೇಬಿಗೆ ಹೋಯಿತು. ಪುಸ್ತಕ ಬಿಚ್ಚಿ 'ಉತ್ಸಾಹ' ಎಂದು ಬರೆದ. ಪೆನ್ಸಿಲು ಮುಂದಕ್ಕೆ ಹೋಗಲಿಲ್ಲ. ಕೆನ್ನೆ ಮುಟ್ಟಿ ನೋಡಿಕೊಂಡ. ನಗು ಇನ್ನೂ ಅಲ್ಲೇ ಇತ್ತು. ಅಳಿಸಲು ನೋಡಿದ, ಅಳಿಯಲಿಲ್ಲ.

"ಬರ್ತೀರೇನ್ರಿ?" ಎಂದದ್ದು ಎರ್ರಣ್ಣನಲ್ಲ, ಹನ್ನೊಂದು ದಿನದಿಂದ ಜೊತೆಗೇ ಇದ್ದ ಆ ದನಿ.

ಹುಟ್ಟು ಬೀಳದ ಹರಿಗೋಲು ತನ್ನಷ್ಟಕ್ಕೆ ಸುತ್ತತೊಡಗಿತು. ಏಳು ಬಿಳಿ ಚಿಂದಿಗಳು ಎದುರಿಗೆ ಬಂದವು, ಬೆನ್ನಿಗೆ ಹೋದವು, ಮತ್ತೆ ಎದುರಿಗೆ ಬಂದವು.